ಕೌಂಟರ್‌ನಲ್ಲೇ ಕಲಿಕೆ: ಬ್ಯಾಂಕ್ ಶಾಖೆಯಲ್ಲಿ ನಿಲ್ಲದ ಬದಲಾವಣೆ, ಸಿಬ್ಬಂದಿಗೆ ನೆರವು (ಪದೇ ಪದೇ ಕೇಳುವ ಪ್ರಶ್ನೆಗಳು)

ಶಾಖಾ ಮ್ಯಾನೇಜರ್‌ಗಳಿಗೆ, ಸೆಕೆಂಡ್ ಆಫೀಸರ್‌ಗಳಿಗೆ, ಹೊಸದೇನು ಬಂದರೂ "ಅವರನ್ನ ಕೇಳಿ" ಅಂತ ಎಲ್ಲರೂ ಬೆರಳು ತೋರಿಸುವ ಹಿರಿಯ ಗುಮಾಸ್ತರಿಗೆ ಬರೆದದ್ದು ಇದು. ಉದಾಹರಣೆಗಳೆಲ್ಲ ಬ್ಯಾಂಕಿನವು. ಕರ್ನಾಟಕದ ಬ್ಯಾಂಕ್ ನೌಕರರು ಕಂಡಷ್ಟು ಬದಲಾವಣೆಯನ್ನು ಇಷ್ಟು ಕಡಿಮೆ ವರ್ಷಗಳಲ್ಲಿ ಕಂಡವರು ಬೇರೆ ಕಚೇರಿಗಳಲ್ಲಿ ಕಡಿಮೆ. ಸಹಕಾರ ಸಂಘದವರು, ತಾಲ್ಲೂಕು ಕಚೇರಿಯವರು ಓದಿದರೆ ಹೆಸರು ಬದಲಿಸಿಕೊಂಡರೆ ಸಾಕು, ಕಷ್ಟ ಒಂದೇ.

ಎರಡು ದಿನದ ತರಬೇತಿಗೆ ಕಳಿಸಿ ಆಗಿದೆ. ಇನ್ನೂ ಏನು ಕಲಿಸಬೇಕು?

ತರಬೇತಿ ಕೇಂದ್ರದ ಪರದೆಯ ಮೇಲೆ ಬರುವ ಗ್ರಾಹಕ ಬಹಳ ಸಜ್ಜನ. ಒಬ್ಬನೇ ಖಾತೆದಾರ, ಪ್ಯಾನ್ ಇದೆ, ಆಧಾರ್‌ನಲ್ಲಿ ಹೆಸರು ಸರಿಯಾಗಿದೆ, ಮೊಬೈಲ್‌ಗೆ ಓಟಿಪಿ ಬರುತ್ತದೆ. ಸೋಮವಾರ ಹತ್ತೂಕಾಲಿಗೆ ನಿಮ್ಮ ಕೌಂಟರ್‌ಗೆ ಬರುವವರು ಬೇರೆ. ಜಂಟಿ ಖಾತೆಯ ಅಜ್ಜಿ, ಯಜಮಾನರು ತೀರಿಕೊಂಡು ಮೂರು ವರ್ಷ, ಪಾಸ್‌ಬುಕ್‌ನಲ್ಲಿ ಗೌರಮ್ಮ, ಆಧಾರ್‌ನಲ್ಲಿ ಗೌರವ್ವ, ಮೊಬೈಲ್ ಇರುವುದು ಬೆಂಗಳೂರಿನಲ್ಲಿರುವ ಮಗನ ಹತ್ತಿರ. ತರಬೇತಿಯಲ್ಲಿ ಕಲಿತದ್ದು ಇಲ್ಲಿ ಮೂರನೇ ಮೆನುವಿಗೇ ನಿಂತುಹೋಗುತ್ತದೆ.

ಮರೆವಿನ ಲೆಕ್ಕವೂ ಇದೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿ ತೋರಿಸಿದ್ದ: ಕಲಿತದ್ದರ ದೊಡ್ಡ ಪಾಲು ಮೊದಲ ಗಂಟೆಗಳಲ್ಲಿ, ಮೊದಲ ದಿನಗಳಲ್ಲಿ ಹಾರಿಹೋಗುತ್ತದೆ, ಆಮೇಲೆ ಮರೆಯುವ ವೇಗ ತಗ್ಗುತ್ತದೆ. ಆತ ಬಾಯಿಪಾಠ ಮಾಡಿದ್ದು ಅರ್ಥವಿಲ್ಲದ ಅಕ್ಷರಗಳನ್ನು. ಯಾವತ್ತೂ ಮುಟ್ಟಿರದ ಸಾಫ್ಟ್‌ವೇರ್‌ನ ಮೆನು ಕೋಡುಗಳು ನಮ್ಮವರಿಗೆ ಅದಕ್ಕಿಂತ ಹೆಚ್ಚೇನೂ ಅಲ್ಲ. ಸಾಫ್ಟ್‌ವೇರ್ ಬರುವ ಆರು ವಾರ ಮೊದಲು ತರಬೇತಿ ಕೊಟ್ಟರೆ ಕೊನೆಗೆ ಕೈಯಲ್ಲಿ ಉಳಿಯುವುದು ಟಿಎ (ಪ್ರಯಾಣ ಭತ್ಯೆ) ಬಿಲ್, ಬೇರೇನೂ ಉಳಿಯುವುದಿಲ್ಲ.

ತರಬೇತಿ ನಿಲ್ಲಿಸಿ ಎಂದು ಹೇಳುತ್ತಿಲ್ಲ. ಏನು ಬದಲಾಗುತ್ತಿದೆ, ಯಾಕೆ, ಎಲ್ಲಿ ಕೈ ಸುಡಬಹುದು, ಇಷ್ಟನ್ನು ತಿಳಿಸಲು ಅದು ಬೇಕು. ಕೈಗೆ ಕೆಲಸ ಹತ್ತುವುದು ಮಾತ್ರ ಕೌಂಟರ್‌ನಲ್ಲೇ.

"ಕೆಲಸದ ಜಾಗದಲ್ಲಿ ಕಲಿಕೆಗೆ ನೆರವು" ಅಂದರೆ ನಿರ್ದಿಷ್ಟವಾಗಿ ಏನೇನು?

ಸಿಕ್ಕಿಬಿದ್ದ ಕ್ಷಣದಲ್ಲಿ ಕೇಳಲು ಒಬ್ಬ ಮನುಷ್ಯ. ಕೈಗೆಟಕುವಂತೆ ಒಂದು ಹಾಳೆ. ಕೇಳುವುದಕ್ಕೂ ಹೇಳಿಕೊಡುವುದಕ್ಕೂ ಸ್ವಲ್ಪ ಸಮಯ. ನನ್ನ ಲೆಕ್ಕದಲ್ಲಿ ಇಷ್ಟೇ. ವಿಡಿಯೊ, ಪೋರ್ಟಲ್, ಕ್ವಿಜ್, ಸರ್ಟಿಫಿಕೇಟ್ ಎಲ್ಲ ಇದಾದ ಮೇಲೆ.

ಈ ವಿಷಯದಲ್ಲಿ ಕೆಲಸ ಮಾಡಿದ ಅಮೆರಿಕದ ಕಾನ್ರಾಡ್ ಗಾಟ್‌ಫ್ರೆಡ್‌ಸನ್ ಮತ್ತು ಬಾಬ್ ಮೋಶರ್ ಮನುಷ್ಯನಿಗೆ ಕಲಿಕೆ ಬೇಕಾಗುವ ಐದು ಸಂದರ್ಭಗಳನ್ನು ಗುರುತಿಸಿದ್ದಾರೆ: ಮೊದಲ ಸಲ ಕಲಿಯುವಾಗ, ಇನ್ನಷ್ಟು ಕಲಿಯುವಾಗ, ಕಲಿತದ್ದನ್ನು ಕೆಲಸಕ್ಕೆ ಹಚ್ಚುವಾಗ, ಏನೋ ಕೆಟ್ಟು ನಿಂತಾಗ, ಮತ್ತು ಕೆಲಸ ಮಾಡುವ ಕ್ರಮವೇ ಬದಲಾದಾಗ. ನಮ್ಮ ತರಬೇತಿ ವ್ಯವಸ್ಥೆ ಪೂರ್ತಿ ನಿಂತಿರುವುದು ಮೊದಲೆರಡರ ಮೇಲೆ. ಉಳಿದ ಮೂರೂ ಬರುವುದು ಕುರ್ಚಿಯಲ್ಲಿ ಕೂತಾಗ, ಎದುರಿಗೆ ಜನ ನಿಂತಾಗ.

ಐದನೆಯದು ಎಲ್ಲಕ್ಕಿಂತ ಕಠಿಣ, ಯಾಕೆಂದರೆ ಅಲ್ಲಿ ಹಳೆಯದನ್ನು ಬಿಡಬೇಕು. ಏನೂ ಗೊತ್ತಿಲ್ಲದ ಹೊಸ ಹುಡುಗ ಹೊಸ ಮೆನುವನ್ನು ಎರಡು ದಿನದಲ್ಲಿ ಹಿಡಿಯುತ್ತಾನೆ. ಇಪ್ಪತ್ತು ವರ್ಷ ಹಳೆಯ ಮೆನುವಿನಲ್ಲಿ ಕಣ್ಣುಮುಚ್ಚಿ ಎಂಟ್ರಿ ಹಾಕಿದವರ ಬೆರಳು ಮಾತ್ರ ಹಳೆಯ ಜಾಗಕ್ಕೇ ಹೋಗುತ್ತಿರುತ್ತದೆ.

ಬ್ಯಾಂಕ್ ವಿಲೀನದ ಸಮಯದಲ್ಲಿ ನಿಜವಾದ ತೊಡಕು ಏನಾಗಿತ್ತು? ಸಾಫ್ಟ್‌ವೇರ್ ಬದಲಾಯಿತು, ಅಷ್ಟೇ ಅಲ್ಲವೇ?

ಒಮ್ಮೆ ಸಾಲಾಗಿ ನೋಡಿ. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐ ಸೇರಿತು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಕ್ಕೆ ಹೋಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲೂ ಕರಗಿದವು. 2025ರ ಮೇ 1ರಂದು ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಮತ್ತು ಬಳ್ಳಾರಿಯ ಕರ್ನಾಟಕ ಗ್ರಾಮೀಣ ಬ್ಯಾಂಕ್ ಒಂದಾಗಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಎಂಬ ಒಂದೇ ಸಂಸ್ಥೆಯಾಯಿತು, ಕೇಂದ್ರ ಕಚೇರಿ ಬಳ್ಳಾರಿ. ಉಡುಪಿ, ಮಂಗಳೂರು, ಬೆಂಗಳೂರಿನಲ್ಲಿ ಹುಟ್ಟಿದ ಬ್ಯಾಂಕುಗಳು ಮೂರೇ ವರ್ಷದಲ್ಲಿ ಬೋರ್ಡು ಇಳಿಸಿದವು.

2020ರದ್ದು ಬಂದದ್ದಂತೂ ಲಾಕ್‌ಡೌನ್ ಶುರುವಾಗಿ ಒಂದು ವಾರಕ್ಕೇ. ತರಬೇತಿ ಕೇಂದ್ರಗಳಿಗೆ ಹೋಗುವ ಹಾಗಿರಲಿಲ್ಲ, ಶಾಖೆಯಲ್ಲಿ ಅರ್ಧ ಸಿಬ್ಬಂದಿ. ಹಾಗಾಗಿ ಯೋಜನೆ ಇರಲಿ ಬಿಡಲಿ, ಕಲಿಕೆ ನಡೆದದ್ದು ಪಕ್ಕದ ಕುರ್ಚಿಯವರಿಂದ ಮತ್ತು ಫೋನಿನಲ್ಲಿ.

ಸಾಫ್ಟ್‌ವೇರ್ ಕಷ್ಟವೇ, ಒಪ್ಪೋಣ. ಆದರೆ ಅದು ಕಣ್ಣಿಗೆ ಕಾಣುವ ಕಷ್ಟ. ದೂರು ಕೊಡಬಹುದು, ಹೆಲ್ಪ್‌ಡೆಸ್ಕ್ ಟಿಕೆಟ್ ಹಾಕಬಹುದು. ಕಾಣದ್ದು ಇನ್ನೊಂದಿದೆ: ಯಾವುದಕ್ಕೆ ಯಾರನ್ನು ಕೇಳಬೇಕು ಎಂಬ ಜ್ಞಾನ ರಾತ್ರೋರಾತ್ರಿ ಅಳಿಸಿಹೋಗುವುದು. ಹಳೆಯ ಬ್ಯಾಂಕಿನಲ್ಲಿ ರೀಜನಲ್ ಆಫೀಸಿನ ಯಾವ ಟೇಬಲ್‌ಗೆ ಫೋನ್ ಮಾಡಿದರೆ ಐದು ನಿಮಿಷಕ್ಕೆ ಉತ್ತರ ಸಿಗುತ್ತದೆ ಎಂದು ಪ್ರತಿ ಶಾಖೆಗೂ ಗೊತ್ತಿತ್ತು. ವಿಲೀನದ ಮರುದಿನ ಆ ಟೇಬಲ್ಲೇ ಇಲ್ಲ. ಆ ಮನುಷ್ಯ ವರ್ಗವಾಗಿದ್ದಾನೆ, ಅಥವಾ ಅವನೂ ನಿಮ್ಮಷ್ಟೇ ಕಂಗಾಲಾಗಿದ್ದಾನೆ. ಮೂವತ್ತು ವರ್ಷ ಸರ್ವಿಸ್ ಆದವರು ಇಪ್ಪತ್ತಾರರ ಹುಡುಗಿಯ ಎದುರು "ಇದು ಹೇಗಮ್ಮ?" ಎಂದು ನಿಲ್ಲಬೇಕಾದ ಮುಜುಗರವೂ ಇದೇ ಬುತ್ತಿಯಲ್ಲಿ ಬರುತ್ತದೆ.

ಗ್ರಾಹಕರ ಬದಲಾವಣೆಯೂ ನಮ್ಮ ಹೆಗಲಿಗೇ. ಸಿಂಡಿಕೇಟ್ ಬ್ಯಾಂಕಿನ ಹಳೆಯ ಐಎಫ್‌ಎಸ್‌ಸಿ ಕೋಡುಗಳು (ಹಣ ಕಳಿಸುವಾಗ ಶಾಖೆಯನ್ನು ಗುರುತಿಸುವ ಸಂಕೇತಗಳು) 2021ರ ಜೂನ್ ಕೊನೆಗೆ ನಿಂತವು. ಅಂದರೆ ವಿಲೀನವಾಗಿ ಹದಿನೈದು ತಿಂಗಳಾದ ಮೇಲೆ, ಎಲ್ಲ ಮುಗಿಯಿತು ಎಂದು ಉಸಿರು ಬಿಟ್ಟಾಗ, ಇನ್ನೊಂದು ಅಲೆ.

ಹೇಳಿಕೊಡಲು ಯಾರನ್ನು ಕೂರಿಸಬೇಕು?

ಶಾಖೆಯ ಅತಿ ಚುರುಕಿನ ಮನುಷ್ಯನನ್ನು ಬೇಡ. ಅವನು ಮೌಸ್ ಕಿತ್ತುಕೊಂಡು ತಾನೇ ಮಾಡಿ ಮುಗಿಸುತ್ತಾನೆ. ಕೇಳಿದವರಿಗೆ ಕೆಲಸ ಆಗುತ್ತದೆ, ಕಲಿಕೆ ಆಗುವುದಿಲ್ಲ. ಕಳೆದ ತಿಂಗಳಷ್ಟೇ ಒದ್ದಾಡಿ ಕಲಿತವರು ಒಳ್ಳೆಯ ಗುರುಗಳು. ಎಲ್ಲಿ ಎಡವುತ್ತಾರೆ ಎಂದು ಅವರಿಗೆ ಇನ್ನೂ ನೆನಪಿರುತ್ತದೆ.

ಇನ್ನೊಂದು ಪರೀಕ್ಷೆ: ಊಟದ ಡಬ್ಬಿ ತೆರೆಯುವಾಗ ಜನ ಯಾರ ಹತ್ತಿರ ಕೂರುತ್ತಾರೆ ನೋಡಿ. ಕೇಳಿದರೆ ಗದರದ, ಆಮೇಲೆ ನಾಲ್ಕು ಜನರೆದುರು ಆಡಿಕೊಳ್ಳದ ವ್ಯಕ್ತಿ ಅವರೇ ಆಗಿರುತ್ತಾರೆ. ಅಂಥವರು ಜವಾನ, ದಫ್ತರಿಯಂಥ ಸಬ್‌ಸ್ಟಾಫ್ ಆಗಿದ್ದರೂ ಚಿಂತೆಯಿಲ್ಲ. ಎಷ್ಟೋ ಶಾಖೆಗಳಲ್ಲಿ ಪಾಸ್‌ಬುಕ್ ಕಿಯಾಸ್ಕ್, ನೋಟು ಎಣಿಸುವ ಯಂತ್ರ, ಸ್ಕ್ಯಾನರ್ ಇವುಗಳ ಒಳಮರ್ಮ ಗೊತ್ತಿರುವುದು ದಫ್ತರಿಗೆ ಮಾತ್ರ.

ಆ ವ್ಯಕ್ತಿಯ ಕೆಲಸ ಕಡಿಮೆ ಮಾಡಿ. ಇಲ್ಲೇ ಎಲ್ಲರೂ ಜಿಪುಣರಾಗುವುದು. "ನಿನ್ನ ಕೌಂಟರ್ ನೋಡ್ಕೋ, ಜೊತೆಗೆ ಅವರಿಗೂ ಹೇಳಿಕೊಡು" ಎಂದರೆ ಮೂರನೇ ದಿನಕ್ಕೆ ಅವರು ಮುಖ ತಿರುಗಿಸುತ್ತಾರೆ, ತಪ್ಪು ಅವರದ್ದಲ್ಲ.

ಹೇಳಿಕೊಡುವುದಕ್ಕೂ ಒಂದು ಕ್ರಮ ಇದೆಯೇ?

ಇದೆ, ಮತ್ತು ಅದು ಹಳೆಯದು. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಕಾರ್ಖಾನೆಗಳಿಗೆ ಅನುಭವವಿಲ್ಲದ ಲಕ್ಷಾಂತರ ಜನ ಒಮ್ಮೆಗೇ ಸೇರಿದರು. ಅವರಿಗೆ ಬೇಗ ಕೆಲಸ ಕಲಿಸಲು 1940ರಲ್ಲಿ ಒಂದು ಸರ್ಕಾರಿ ಯೋಜನೆ ಶುರುವಾಗಿ 1945ರವರೆಗೆ ನಡೆಯಿತು. ಯುದ್ಧದ ನಂತರ ಅದು ಜಪಾನಿಗೆ ಹೋಗಿ ಟೊಯೋಟಾದಂಥ ಕಂಪನಿಗಳ ಕಲಿಸುವ ಕ್ರಮದಲ್ಲಿ ಬೇರೂರಿತು. ಕ್ರಮಕ್ಕೆ ನಾಲ್ಕೇ ಹೆಜ್ಜೆ: ಕಲಿಯುವವರನ್ನು ನಿರಾಳ ಮಾಡಿ ಅವರಿಗೆ ಈಗಾಗಲೇ ಏನು ಗೊತ್ತು ಎಂದು ಕೇಳಿಕೊಳ್ಳುವುದು, ಒಂದೊಂದೇ ಹಂತವಾಗಿ ಮಾಡಿ ತೋರಿಸುವುದು, ಅವರ ಕೈಯಲ್ಲೇ ಮಾಡಿಸಿ, ಯಾಕೆ ಹಾಗೆ ಎಂದು ಅವರ ಬಾಯಲ್ಲೇ ಹೇಳಿಸುವುದು, ಆಮೇಲೆ ಒಬ್ಬರೇ ಬಿಟ್ಟು, ಯಾರನ್ನು ಕೇಳಬೇಕೆಂದು ತಿಳಿಸಿ, ಆಗಾಗ ಬಂದು ನೋಡುವುದು.

ನಮ್ಮಲ್ಲಿ ನಡೆಯುವುದು ಎರಡನೆಯದು ಮಾತ್ರ. "ನೋಡಿ ಸರ್, ಇಲ್ಲಿ ಒತ್ತಿ, ಇಲ್ಲಿ ಒತ್ತಿ, ಎಂಟರ್. ಆಯ್ತಲ್ಲ?" ಸರ್ ತಲೆಯಾಡಿಸುತ್ತಾರೆ. ಆಗಿಲ್ಲ.

ಮೂರನೆಯದನ್ನು ಹೇಗೆ ಮಾಡುವುದು ಎಂದರೆ, ನಿಮ್ಮ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳಿ. ಕೀಬೋರ್ಡ್ ಅವರ ಮುಂದೆ. ಎಂಟ್ರಿ ಅವರೇ ಹಾಕಲಿ, ಪಾಸ್ ಮಾಡುವ ಅಧಿಕಾರಿ ಹೇಗಿದ್ದರೂ ಇದ್ದಾರೆ. ಬ್ಯಾಂಕಿನಲ್ಲಿ ಒಬ್ಬರು ಹಾಕಿ ಇನ್ನೊಬ್ಬರು ಪಾಸ್ ಮಾಡುವ ಪದ್ಧತಿ ಕಲಿಯುವವರಿಗೆ ಸಿಕ್ಕ ದೊಡ್ಡ ಬೆಂಬಲ. ತಪ್ಪು ದಾಟುವ ಮುಂಚೆ ಇನ್ನೊಂದು ಕಣ್ಣಿಗೆ ಬೀಳುತ್ತದೆ. ಪಾಸ್ ಮಾಡುವವರು ಎಂಟ್ರಿಯನ್ನು ಸುಮ್ಮನೆ ರಿಜೆಕ್ಟ್ ಮಾಡದೆ ಯಾಕೆ ವಾಪಸ್ ಕಳಿಸಿದೆ ಎಂದು ಒಂದು ಸಾಲು ಹೇಳಿದರೆ, ಅದೇ ಆ ದಿನದ ಪಾಠ.

ಕೌಂಟರ್‌ನಲ್ಲಿ ಇಡುವ ಹಾಳೆ ಹೇಗಿರಬೇಕು? ಸರ್ಕ್ಯುಲರ್ ಪ್ರಿಂಟ್ ತೆಗೆದು ಇಟ್ಟರೆ ಸಾಲದೇ?

ಸಾಲದು. ಸರ್ಕ್ಯುಲರ್ ಬರೆಯುವುದು ಬ್ಯಾಂಕಿನ ರಕ್ಷಣೆಗೆ. ಮೇಲಿನ ಅರ್ಧ ಪುಟ "ಉಲ್ಲೇಖ" ತಿನ್ನುತ್ತದೆ. ಕೌಂಟರ್‌ನವರಿಗೆ ಬೇಕಾದ್ದು ಗ್ರಾಹಕ ಕೇಳಿದ ಪ್ರಶ್ನೆಗೆ ಉತ್ತರ, ಮತ್ತು ಕೈ ಎಲ್ಲಿ ತಡೆಯಬೇಕು ಎಂಬ ಎಚ್ಚರಿಕೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. 2025ರ ನವೆಂಬರ್ 1ರಿಂದ ಠೇವಣಿ ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು. ಅದಕ್ಕೆ ಮುಂಚೆ ಒಬ್ಬರೇ. ಇದನ್ನು ಹಾಳೆಗೆ ಇಳಿಸುವಾಗ ಕಾಯ್ದೆಯ ಹೆಸರು ಬೇಡ. ಮೇಲೆ ದಪ್ಪಕ್ಷರದಲ್ಲಿ "ನಾಮಿನಿ: ಈಗ 4 ಜನರವರೆಗೆ". ಕೆಳಗೆ ಗ್ರಾಹಕರನ್ನು ಕೇಳಬೇಕಾದ ಒಂದು ಪ್ರಶ್ನೆ, ಆಡುಮಾತಿನಲ್ಲೇ: "ದುಡ್ಡು ಎಲ್ಲರಿಗೂ ಹಂಚಬೇಕಾ, ಅಥವಾ ಒಬ್ಬರು ಇಲ್ಲದಿದ್ದರೆ ಇನ್ನೊಬ್ಬರಿಗೆ ಹೋಗಬೇಕಾ?" ಹಂಚಬೇಕು ಎಂದರೆ ಪ್ರತಿಯೊಬ್ಬರ ಪಾಲು ಬರೆಸಿ, ಮೊತ್ತ 100 ಆಗಬೇಕು. ಒಬ್ಬರಾದ ಮೇಲೆ ಒಬ್ಬರು ಎಂದರೆ 1, 2, 3, 4 ಎಂದು ಸರದಿ ಬರೆಸಿ, ಪಾಲು ಬೇಡ. ಆಮೇಲೆ ಕೆಂಪು ಶಾಯಿಯಲ್ಲಿ: "ಲಾಕರ್‌ಗೆ ಹಂಚಿಕೆ ಇಲ್ಲ, ಸರದಿ ಮಾತ್ರ." ಕೊನೆಗೆ ಮೆನುವಿನ ಹೆಸರು, ಮತ್ತು "ಗೊಂದಲವಾದರೆ ಇವರನ್ನು ಕೇಳಿ" ಎಂದು ಒಂದು ಹೆಸರು, ಇಂಟರ್‌ಕಾಂ ನಂಬರ್. ಮೂಲೆಯಲ್ಲಿ ಹಾಳೆ ಬರೆದ ತಾರೀಕು.

ಆ ತಾರೀಕು ಬಹಳ ಮುಖ್ಯ. ತಾರೀಕಿಲ್ಲದ ಹಾಳೆ ಎರಡು ವರ್ಷ ಗಾಜಿನ ಕೆಳಗೆ ಕೂತು, ನಿಯಮ ಬದಲಾದ ಮೇಲೂ ತಪ್ಪು ಹೇಳುತ್ತಿರುತ್ತದೆ. ಲ್ಯಾಮಿನೇಷನ್ ಮಾಡಿಸಬೇಡಿ. ಲ್ಯಾಮಿನೇಟ್ ಮಾಡಿದ್ದನ್ನು ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲ, ತಿದ್ದಲೂ ಆಗುವುದಿಲ್ಲ.

ಹಾಳೆಯನ್ನು ಮ್ಯಾನೇಜರ್ ಬರೆಯದೆ ಆ ಕೌಂಟರ್‌ನವರೇ ಬರೆದರೆ ಒಳ್ಳೆಯದು. ಅವರ ಡ್ರಾಯರ್ ಎಳೆದು ನೋಡಿ, ಒಂದು ಹಳೆಯ ಡೈರಿ ಇದ್ದೇ ಇರುತ್ತದೆ. ಹಿಂದಿನ ಪುಟಗಳಲ್ಲಿ ಮೆನು ಕೋಡು, ಎರರ್ ಮೆಸೇಜು, ಅದರ ಮುಂದೆ ಬಾಣ ಹಾಕಿ "ಇದು ಬಂದರೆ ಎಸ್ಕೇಪ್ ಒತ್ತಿ ಮತ್ತೆ ಹೋಗು". ನಿಮ್ಮ ಶಾಖೆಯ ಅತ್ಯುತ್ತಮ ಕೈಪಿಡಿ ಅದೇ. ಅದನ್ನು ಎಲ್ಲರಿಗೂ ಸಿಗುವಂತೆ ಮಾಡುವುದಷ್ಟೇ ನಿಮ್ಮ ಪಾಲಿನ ಕೆಲಸ. ಪಾಸ್‌ವರ್ಡ್ ಬರೆದ ಪುಟ ಮಾತ್ರ ಹರಿದುಹಾಕಿಸಿ!

ದಿನಕ್ಕೆ ಇಷ್ಟು ಸರ್ಕ್ಯುಲರ್ ಬರುತ್ತವೆ. ಯಾವುದನ್ನು ಕಲಿಸುವುದು, ಯಾವುದನ್ನು ಬಿಡುವುದು?

ಕೌಂಟರ್‌ನಲ್ಲಿ ಕೈ ಮಾಡುವ ಕೆಲಸ ಬದಲಾಗುವಂಥದ್ದು ಯಾವುದು ಎಂದು ಮಾತ್ರ ಕೇಳಿಕೊಳ್ಳಿ. ಬಹುಪಾಲು ಸರ್ಕ್ಯುಲರ್‌ಗಳು ಮಾಹಿತಿಗೆ, ಕಡತಕ್ಕೆ.

ಹಾಗೆ ಕೆಲಸ ಬದಲಾಯಿಸಿದ್ದಕ್ಕೆ ಚೆಕ್ ಕ್ಲಿಯರಿಂಗ್ ಒಳ್ಳೆಯ ಉದಾಹರಣೆ. 2025ರ ಅಕ್ಟೋಬರ್ 4ರಿಂದ ಚೆಕ್ಕುಗಳು ಕಂತೆಯಾಗಿ ಹೋಗುವುದು ನಿಂತು, ಹಗಲಿನ ನಿಗದಿತ ಹೊತ್ತಿನಲ್ಲಿ ಸ್ಕ್ಯಾನ್ ಆದ ಹಾಗೇ ಹೋಗುತ್ತವೆ. ಹಣ ಕೊಡಬೇಕಾದ ಬ್ಯಾಂಕು ಸಂಜೆ 7ರೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ಸುಮ್ಮನಿದ್ದರೆ ಒಪ್ಪಿದ ಹಾಗೆ. "ಮಧ್ಯಾಹ್ನ ಊಟ ಆದ ಮೇಲೆ ಎಲ್ಲ ಚೆಕ್ ಒಟ್ಟಿಗೆ ಸ್ಕ್ಯಾನ್ ಮಾಡೋಣ" ಎಂಬ ವರ್ಷಗಳ ಅಭ್ಯಾಸ ಒಂದೇ ದಿನದಲ್ಲಿ ತಪ್ಪಾಯಿತು. ದೊಡ್ಡ ಮೊತ್ತದ ಚೆಕ್ಕಿಗೆ ಗ್ರಾಹಕರಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳುವುದನ್ನು ನಾಳೆಗೆ ಬಿಡುವ ಹಾಗಿಲ್ಲ. ಇದಕ್ಕೆ ಪಾಠ ಬೇಡ, ದಿನಚರಿಯನ್ನೇ ತಿರುಗಿಸಬೇಕು: ಯಾರು, ಯಾವ ಹೊತ್ತಿಗೆ, ಎಷ್ಟು ಸಲ ಸ್ಕ್ಯಾನ್ ಮಾಡುತ್ತಾರೆ. ಮೊದಲ ವಾರ ಮ್ಯಾನೇಜರ್ ಸಂಜೆ ಆರೂವರೆಗೆ ಒಮ್ಮೆ ಕೇಳಿದರೆ ಎಂಟನೇ ದಿನಕ್ಕೆ ಅಭ್ಯಾಸವಾಗಿರುತ್ತದೆ.

ಚಿನ್ನದ ಸಾಲದ ಹೊಸ ನಿಯಮ ಇನ್ನೊಂದು ಬಗೆಯದು. 2.5 ಲಕ್ಷದವರೆಗಿನ ಸಾಲಕ್ಕೆ ಹೆಚ್ಚೆಂದರೆ ಚಿನ್ನದ ಬೆಲೆಯ 85%, 5 ಲಕ್ಷದವರೆಗೆ 80%, ಅದರ ಮೇಲೆ 75%. ಈ ಲೆಕ್ಕವನ್ನು ಸಿಸ್ಟಮ್ಮೇ ಹಾಕುತ್ತದೆ. ನೌಕರರಿಗೆ ಕಲಿಸಬೇಕಾದ್ದು, ಸಾಲ ತೀರಿದ ಮೇಲೆ ಒಡವೆ ಅದೇ ದಿನ, ತಪ್ಪಿದರೆ ಏಳು ಕೆಲಸದ ದಿನಗಳೊಳಗೆ ವಾಪಸ್ ಕೊಡದಿದ್ದರೆ, ಮತ್ತು ತಡ ಬ್ಯಾಂಕಿನದೇ ಆಗಿದ್ದರೆ, ದಿನಕ್ಕೆ ₹5,000 ಪರಿಹಾರ ತೆರಬೇಕು ಎಂಬುದನ್ನು. ಒಡವೆ ಇಟ್ಟ ಲಾಕರಿನ ಇನ್ನೊಂದು ಕೀಲಿ ಇಟ್ಟುಕೊಂಡವರು ರಜೆ ಹೋಗುವ ಶಾಖೆಗಳಿಗೆ ಇದು ಬೇಗ ಅರ್ಥವಾಗುತ್ತದೆ.

ವಾಟ್ಸಾಪ್ ಗ್ರೂಪ್ ಇದೆಯಲ್ಲ, ಅದು ಸಾಕಲ್ಲವೇ?

ಕೇಳುವುದಕ್ಕೆ ಒಳ್ಳೆಯದು, ಹುಡುಕುವುದಕ್ಕೆ ಕೆಟ್ಟದ್ದು. ಮಂಗಳವಾರ ಸಿಕ್ಕ ಉತ್ತರ ಶುಕ್ರವಾರಕ್ಕೆ ಹಬ್ಬದ ಶುಭಾಶಯಗಳ ಕೆಳಗೆ ಹೂತುಹೋಗಿರುತ್ತದೆ. ವಾರಕ್ಕೊಮ್ಮೆ ಯಾರಾದರೂ ಒಬ್ಬರು ಗುಂಪಿನ ಉತ್ತರಗಳನ್ನು ತೆಗೆದು ಹಾಳೆಗೆ ಸೇರಿಸಬೇಕು. ಗ್ರಾಹಕರ ಖಾತೆ ನಂಬರ್ ಕಾಣುವ ಸ್ಕ್ರೀನ್‌ಶಾಟ್ ಹಾಕಬಾರದು ಎಂಬುದನ್ನು ಮೊದಲ ದಿನವೇ, ಗಟ್ಟಿಯಾಗಿ ಹೇಳಿ.

ಹೊರಗೆ ಸಾಲು ನಿಂತಿದೆ. ಇಂಥ ಹೊತ್ತಲ್ಲಿ ಕಲಿಸುತ್ತಾ ಕೂರಲು ಆಗುತ್ತದೆಯೇ?

ಸಂತೆಯ ದಿನ ಆಗುವುದಿಲ್ಲ. ತಿಂಗಳ ಮೊದಲ ವಾರ ಆಗುವುದಿಲ್ಲ. ನವೆಂಬರಿನಲ್ಲಿ ಪಿಂಚಣಿದಾರರು ಜೀವಿತ ಪ್ರಮಾಣಪತ್ರಕ್ಕೆ ಬೆಳಿಗ್ಗೆ ಒಂಬತ್ತಕ್ಕೇ ಮೆಟ್ಟಿಲ ಮೇಲೆ ಕೂತಿರುವಾಗ ಖಂಡಿತ ಆಗುವುದಿಲ್ಲ. ಹಾಗಿದ್ದರೆ ಬದಲಾವಣೆಯನ್ನು ಆ ದಿನಗಳಲ್ಲಿ ತರಬೇಡಿ ಎಂದು ಮೇಲಿನವರಿಗೆ ಹೇಳುವ ಧೈರ್ಯ ಯಾರಿಗಾದರೂ ಬೇಕು. ತಾರೀಕು ನಿರ್ಧರಿಸುವವರಿಗೆ ಸಂತೆ ಯಾವ ದಿನ ಎಂದು ಗೊತ್ತಿರುವುದಿಲ್ಲ.

ಉಳಿದ ದಿನಗಳಲ್ಲಿ ಜಾಗ ಸಿಗುತ್ತದೆ. ಬಾಗಿಲು ತೆಗೆಯುವ ಮುಂಚಿನ ಹದಿನೈದು ನಿಮಿಷ: ನಿನ್ನೆ ಯಾವುದು ಸಿಕ್ಕಿಹಾಕಿಕೊಂಡಿತು, ಇವತ್ತು ಅದು ಬಂದರೆ ಏನು ಮಾಡೋಣ, ಒಂದೇ ವಿಷಯ, ನಿಂತುಕೊಂಡೇ. ಮಧ್ಯಾಹ್ನ ಮೂರರ ನಂತರ ಜನ ಕಡಿಮೆಯಾದಾಗ ಒಂದು ಕೌಂಟರ್‌ಗೆ ಅರ್ಧ ಗಂಟೆ. ಎರಡನೇ, ನಾಲ್ಕನೇ ಶನಿವಾರಗಳ ಮೇಲೆ ಕಣ್ಣು ಹಾಕಬೇಡಿ. ರಜೆ ಕಿತ್ತುಕೊಂಡು ಕಲಿಸಿದ ಪಾಠದಿಂದ ಸಿಟ್ಟು ಮಾತ್ರ ನೆನಪಿರುತ್ತದೆ.

ಮೊದಲ ಎರಡು ವಾರ ಕೆಲಸ ನಿಧಾನವಾಗುತ್ತದೆ ಎಂದು ಬಾಗಿಲಲ್ಲಿ ಒಂದು ಕನ್ನಡ ಬೋರ್ಡ್ ಹಾಕಿ. ಗ್ರಾಹಕರು ನಿಧಾನವನ್ನು ಸಹಿಸುತ್ತಾರೆ, ಕಾರಣ ಹೇಳದಿದ್ದರೆ ಸಹಿಸುವುದಿಲ್ಲ.

ಐವತ್ತೈದು ದಾಟಿದವರು "ನನಗಿನ್ನು ನಾಲ್ಕೇ ವರ್ಷ, ಬಿಡಿ" ಅನ್ನುತ್ತಾರೆ. ಏನು ಮಾಡುವುದು?

ಈ ತಲೆಮಾರು ಬದಲಾವಣೆಗೆ ಹೊಸದಲ್ಲ. ಬ್ಯಾಂಕುಗಳ ಕಂಪ್ಯೂಟರೀಕರಣಕ್ಕೆ ನೌಕರ ಸಂಘಟನೆಗಳೊಂದಿಗೆ ಒಪ್ಪಂದವಾದದ್ದು 1983ರಲ್ಲಿ, ರಂಗರಾಜನ್ ಸಮಿತಿಯ ವರದಿ ಬಂದದ್ದು 1984ರಲ್ಲಿ. ಈಗ ನಿವೃತ್ತಿಯ ಅಂಚಿನಲ್ಲಿರುವವರಲ್ಲಿ ಹಲವರು ಕೈಬರಹದ ಲೆಡ್ಜರಿನಲ್ಲೇ ಕೆಲಸ ಶುರುಮಾಡಿ, ಲೆಡ್ಜರ್ ಪೋಸ್ಟಿಂಗ್ ಮಷೀನ್ ಕಂಡು, ಎಲ್ಲ ಶಾಖೆಗಳನ್ನೂ ಒಂದೇ ಜಾಲಕ್ಕೆ ತಂದ ಕೋರ್ ಬ್ಯಾಂಕಿಂಗ್ ಕಲಿತು, ನೋಟು ರದ್ದಾದ 2016ರ ನವೆಂಬರ್ ದಾಟಿ ಬಂದವರು. "ನಿಮಗೆ ಬರಲ್ಲ" ಎಂದು ಅವರಿಗೆ ಹೇಳುವುದು ಅನ್ಯಾಯ, ಸುಳ್ಳು ಕೂಡ.

ಬಿಡಿ ಎಂದವರ ಮಾತಿನ ಹಿಂದೆ ಸಾಮಾನ್ಯವಾಗಿ ಎರಡರಲ್ಲಿ ಒಂದಿರುತ್ತದೆ. ಒಂದು, ಕಣ್ಣು. ಪರದೆಯ ಅಕ್ಷರ ಕಾಣುವುದಿಲ್ಲ, ಹೇಳಲು ನಾಚಿಕೆ. ಅಕ್ಷರ ದೊಡ್ಡದು ಮಾಡಿಕೊಡಿ, ಅರ್ಧ ಸಮಸ್ಯೆ ಮುಗಿಯುತ್ತದೆ. ಇನ್ನೊಂದು, ಎಲ್ಲರೆದುರು ತಪ್ಪಾದೀತೆಂಬ ಭಯ. ಅವರಿಗೆ ಒಬ್ಬರೇ ಇದ್ದಾಗ, ಅವರು ಒಪ್ಪುವವರಿಂದ ಹೇಳಿಕೊಡಿಸಿ. ಪ್ರತಿಯಾಗಿ ಅವರಿಂದಲೂ ತೆಗೆದುಕೊಳ್ಳಿ: ಸಹಿ ನೋಡಿದ ಕೂಡಲೇ ಅನುಮಾನ ಬರುವುದು, ಕೃಷಿ ಸಾಲಕ್ಕೆ ಬಂದವರ ಪಹಣಿಯಲ್ಲಿ ಯಾವ ಕಾಲಂ ಮೊದಲು ನೋಡಬೇಕೆನ್ನುವುದು ಯಾವ ಪೋರ್ಟಲ್‌ನಲ್ಲೂ ಇಲ್ಲ.

ಹೊರ ರಾಜ್ಯದಿಂದ ಬಂದ ಹೊಸಬರಿಗೆ ಬದಲಾವಣೆ ಅಂದರೆ ಕನ್ನಡ. ಅದಕ್ಕೂ ಇದೇ ಕ್ರಮವೇ?

ಇದೇ ಕ್ರಮ. ವರ್ಣಮಾಲೆಯಿಂದ ಶುರು ಮಾಡಿಸಿದರೆ ವರ್ಗಾವಣೆ ಆಗುವವರೆಗೂ "ಅ ಆ ಇ ಈ"ಯಲ್ಲೇ ಇರುತ್ತಾರೆ. ಕೌಂಟರ್‌ನಲ್ಲಿ ದಿನಾ ಬರುವ ಮಾತುಗಳಿಂದ ಶುರುಮಾಡಿ: "ಏನಾಗಬೇಕಿತ್ತು?", "ಪಾಸ್‌ಬುಕ್ ತಂದಿದ್ದೀರಾ?", "ಇಲ್ಲಿ ಸಹಿ ಹಾಕಿ", "ಹೆಬ್ಬೆಟ್ಟಾ, ಸಹಿನಾ?", "ಸ್ವಲ್ಪ ಕೂತಿರಿ, ಕರೀತೀನಿ". ಇಂಥ ನಲವತ್ತು ಮಾತು, ಅವರ ಲಿಪಿಯಲ್ಲೇ ಬರೆದುಕೊಂಡು, ಮೊದಲ ತಿಂಗಳಲ್ಲಿ. ಅಂಕಿಗಳನ್ನು ಮರೆಯಬೇಡಿ. "ಹನ್ನೆರಡೂವರೆ ಸಾವಿರ" ಎಂದಾಗ ಕೈ ತಡೆಯಬಾರದು. ಕಲಬುರಗಿಯ ಶಾಖೆಯ ಮಾತು ಕುಂದಾಪುರದಲ್ಲಿ ನಡೆಯುವುದಿಲ್ಲ, ಹಾಗಾಗಿ ಪಟ್ಟಿ ಆಯಾ ಶಾಖೆಯದ್ದೇ ಆಗಿರಲಿ. ತಪ್ಪು ಕನ್ನಡ ಮಾತಾಡಿದಾಗ ನಗಬೇಡಿ ಎಂದು ನಮ್ಮವರಿಗೂ ಹೇಳಬೇಕಾಗುತ್ತದೆ.

ಕಲಿಯುವಾಗ ತಪ್ಪಾದರೆ ಹೊಣೆ ಯಾರದು?

ಎಲ್ಲರೂ ಕೇಳಬೇಕೆಂದಿದ್ದು ಈ ಪ್ರಶ್ನೆಯನ್ನೇ, ಕೇಳುವುದು ಮಾತ್ರ ಕೊನೆಗೆ. ಬ್ಯಾಂಕಿನಲ್ಲಿ ತಪ್ಪೆಂದರೆ ಮೆಮೊ, ವಿವರಣೆ, ಕೆಲವೊಮ್ಮೆ ಕೈಯಿಂದ ಹಣ. ಹೀಗಿರುವಾಗ "ಧೈರ್ಯವಾಗಿ ಪ್ರಯತ್ನಿಸಿ" ಎನ್ನುವುದು ಬಾಯುಪಚಾರ.

ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಯ ವಾರ್ಡುಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕೆಂದು ನಿರೀಕ್ಷೆ. ಲೆಕ್ಕ ಉಲ್ಟಾ ಬಂತು, ಅಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಕಾರಣ ಹುಡುಕಿದಾಗ ಕಂಡದ್ದು, ಆ ತಂಡಗಳಲ್ಲಿ ನರ್ಸುಗಳು ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು. ಬೇರೆ ಕಡೆ ಮುಚ್ಚಿಡುತ್ತಿದ್ದರು. ನಿಮ್ಮ ಶಾಖೆಯಲ್ಲಿ ಹೊಸ ವ್ಯವಸ್ಥೆ ಬಂದ ತಿಂಗಳಲ್ಲಿ ಒಂದೂ ತಪ್ಪು ವರದಿಯಾಗಿಲ್ಲ ಎಂದರೆ ಖುಷಿಪಡುವ ಮುಂಚೆ ಯೋಚಿಸಿ.

ಮ್ಯಾನೇಜರ್ ಮಾಡಬಹುದಾದದ್ದು ಇಷ್ಟು. ಅದೇ ದಿನ, ಡೇ ಎಂಡ್ (ಆ ದಿನದ ಲೆಕ್ಕ ಮುಚ್ಚುವುದು) ಆಗುವ ಮುಂಚೆ ಬಂದು ಹೇಳಿದ ತಪ್ಪಿಗೆ ಗದರುವುದಿಲ್ಲ ಎಂದು ಎಲ್ಲರೆದುರು ಮಾತು ಕೊಡಿ, ಆಮೇಲೆ ಆ ಮಾತಿಗೆ ನಿಲ್ಲಿ. ಅದೇ ದಿನ ಸಿಕ್ಕಿದ್ದನ್ನು ರಿವರ್ಸ್ ಮಾಡಬಹುದು. ಮೂರು ದಿನ ಮುಚ್ಚಿಟ್ಟದ್ದು ಬಡ್ಡಿ, ಎಸ್‌ಎಂಎಸ್, ದೂರು ಎಂದು ಬೆಳೆದಿರುತ್ತದೆ. ಬೇಕೆಂದೇ ಮಾಡಿದ್ದು, ಪಾಸ್‌ವರ್ಡ್ ಹಂಚಿಕೊಂಡದ್ದು ಈ ರಿಯಾಯಿತಿಗೆ ಬರುವುದಿಲ್ಲ. "ನನ್ನ ಲಾಗಿನ್‌ನಲ್ಲಿ ನೀನೇ ಮಾಡಿಬಿಡಪ್ಪ" ಎನ್ನುವುದು ಸಹಾಯದ ರೂಪದಲ್ಲಿ ಬರುವ ಅತಿ ದೊಡ್ಡ ಅಪಾಯ. ಕಲಿಯದವರು ಇದನ್ನೇ ಹಿಡಿದು ವರ್ಷಗಟ್ಟಲೆ ತಳ್ಳುತ್ತಾರೆ.

70:20:10 ಅಂತಾರಲ್ಲ, ಅದರಂತೆ ಯೋಜನೆ ಹಾಕಬೇಕೇ?

ಕಲಿಕೆಯಲ್ಲಿ 70% ಕೆಲಸದಿಂದ, 20% ಇತರರಿಂದ, 10% ತರಗತಿಯಿಂದ ಎನ್ನುವ ಸೂತ್ರ 1980ರ ದಶಕದ ಅಮೆರಿಕದ್ದು. ಅದು ಹುಟ್ಟಿದ್ದು ಯಶಸ್ವಿ ಅಧಿಕಾರಿಗಳನ್ನು "ನೀವು ಹೇಗೆ ಕಲಿತಿರಿ?" ಎಂದು ಕೇಳಿ ಪಡೆದ ಉತ್ತರಗಳಿಂದ. ದಿಕ್ಕು ಸರಿ, ಅಂಕಿಗಳನ್ನು ಅಳತೆಪಟ್ಟಿ ಮಾಡಿಕೊಳ್ಳಬೇಡಿ. ತರಬೇತಿಯ ಖರ್ಚು ಕಡಿತ ಮಾಡಲು ಇದನ್ನು ಗುರಾಣಿ ಮಾಡಿಕೊಂಡವರನ್ನೂ ನೋಡಿದ್ದೇವೆ: "70% ತಾವಾಗೇ ಕಲಿಯುತ್ತಾರೆ ಬಿಡಿ." ತಾವಾಗೇ ಕಲಿಯುವುದು ತಪ್ಪು ದಾರಿಯೂ ಆಗಿರಬಹುದು.

ಕಾನೂನಿನಲ್ಲಿ ನೌಕರರಿಗೆ ಏನಾದರೂ ರಕ್ಷಣೆ ಇದೆಯೇ?

ಸ್ವಲ್ಪ. ಸೇವಾ ಷರತ್ತುಗಳಲ್ಲಿ ಕೆಲವು ಬಗೆಯ ಬದಲಾವಣೆ ತರಲು ಕಾರ್ಮಿಕರಿಗೆ 21 ದಿನಗಳ ನೋಟಿಸ್ ಕೊಡಬೇಕೆಂದು 1947ರ ಕೈಗಾರಿಕಾ ವಿವಾದ ಕಾಯ್ದೆಯ 9ಎ ಸೆಕ್ಷನ್ ಹೇಳುತ್ತಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ 40ನೇ ಸೆಕ್ಷನ್‌ನಲ್ಲೂ ಅದು ಉಳಿದಿದೆ. ಅದೇ ಸಂಹಿತೆಯಲ್ಲಿ ಮರುಕೌಶಲ್ಯ ನಿಧಿ ಇದೆ: ಕೆಲಸದಿಂದ ತೆಗೆದ ಪ್ರತಿ ಕಾರ್ಮಿಕರಿಗೆ ಮಾಲೀಕರು 15 ದಿನಗಳ ವೇತನದಷ್ಟು ಕಟ್ಟಬೇಕು, 45 ದಿನಗಳೊಳಗೆ ಅದು ಅವರ ಖಾತೆಗೆ ಹೋಗಬೇಕು. ಅಂದರೆ ಕೆಲಸ ಹೋದ ಮೇಲೆ ಕಲಿಯಲು ಹಣ. ಕೆಲಸದಲ್ಲಿ ಇರುವಾಗಲೇ ಕಲಿಯಲು ವಾರಕ್ಕೆ ಎರಡು ಗಂಟೆ ಕೊಡಿ ಎಂದು ಆ ಸಂಹಿತೆ ಹೇಳುವುದಿಲ್ಲ; ಅದು ಒಪ್ಪಂದದ ಮಾತುಕತೆಯಲ್ಲಿ ಕೇಳಿ ಪಡೆಯಬೇಕಾದ್ದು, ಸಂಘಟನೆಗಳು ಸಂಬಳದಷ್ಟೇ ಜೋರಾಗಿ ಕೇಳಬೇಕಾದ್ದು.

ಕಲಿತಿದ್ದಾರೆ ಎಂದು ಗೊತ್ತಾಗುವುದು ಹೇಗೆ? ಆನ್‌ಲೈನ್ ಕ್ವಿಜ್‌ನಲ್ಲಿ ಎಲ್ಲರಿಗೂ 90ರ ಮೇಲೆ ಬಂದಿದೆ.

ಕ್ವಿಜ್‌ನ ಉತ್ತರಗಳು ಶಾಖೆಯಿಂದ ಶಾಖೆಗೆ ಫಾರ್ವರ್ಡ್ ಆಗುತ್ತವೆ, ನಿಮಗೂ ಗೊತ್ತು. ಬದಲಿಗೆ ಪಾಸ್ ಆಗದೆ ವಾಪಸ್ ಬಂದ ಎಂಟ್ರಿಗಳನ್ನು ನೋಡಿ, ವಾರದಿಂದ ವಾರಕ್ಕೆ ಕಡಿಮೆಯಾಗುತ್ತಿವೆಯೇ? ಕೇಳುವ ಪ್ರಶ್ನೆಗಳು ಬದಲಾಗುತ್ತಿವೆಯೇ? "ಯಾವ ಮೆನು?" ಎಂಬಲ್ಲಿಂದ "ಈ ಕೇಸಿಗೆ ಆ ಮೆನು ನಡೆಯುತ್ತಾ?" ಎಂಬಲ್ಲಿಗೆ ಬಂದಿದ್ದರೆ ಕಲಿಕೆ ನಡೆದಿದೆ. ಹೇಳಿಕೊಡುವವರು ಒಂದು ದಿನ ರಜೆ ಹಾಕಲಿ. ಅವತ್ತು ಶಾಖೆ ಹೇಗೆ ನಡೆಯಿತು ನೋಡಿ. ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಪಕ್ಕದಲ್ಲಿ ಕೂತು ಹೇಳಿಕೊಡುವ ವ್ಯವಸ್ಥೆಯನ್ನು ಎಷ್ಟು ದಿನ ಇಡಬೇಕು?

ದೊಡ್ಡ ಬದಲಾವಣೆಗೆ ಒಂದು ತ್ರೈಮಾಸಿಕ ಲೆಕ್ಕಮುಕ್ತಾಯ ದಾಟುವವರೆಗಾದರೂ ಇರಲಿ. ತಿಂಗಳಿಗೊಮ್ಮೆ ಬರುವ ಕೆಲಸ, ಮೂರು ತಿಂಗಳಿಗೊಮ್ಮೆ ಬರುವ ಕೆಲಸ ಮೊದಲ ವಾರದಲ್ಲಿ ಎದುರಾಗುವುದೇ ಇಲ್ಲ. ನೆರವು ತೆಗೆದ ಮರುದಿನ ಬರುತ್ತದೆ. ಮಾರ್ಚ್ ಮುಗಿಯುವ ಮುಂಚೆ ಮಾತ್ರ ಯಾರ ಒತ್ತಾಯಕ್ಕೂ ತೆಗೆಯಬೇಡಿ. ಆಮೇಲೆ ದಿನಾ ಕೂರುವುದು ಬೇಡ, ಬೆಳಗಿನ ಹದಿನೈದು ನಿಮಿಷ ಮತ್ತು ತಾರೀಕು ಹಾಕಿದ ಹಾಳೆಗಳು ಉಳಿಯಲಿ. ಮುಂದಿನ ಸರ್ಕ್ಯುಲರ್ ಹೇಗಿದ್ದರೂ ಬರುತ್ತದೆ.